ಕಂತಿನ ದಿನ ಬರುವ ಎದೆಬಡಿತ: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಸಾಲದ ಅಂಕಿಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಮಹದೇವಮ್ಮ ಅಂತ ಕರೆಯುತ್ತೇನೆ. ಚಾಮರಾಜನಗರ, ಕೊಳ್ಳೇಗಾಲದ ಕಡೆ ಬೀದಿಗೆ ನಾಲ್ಕು ಜನ ಮಹದೇವಮ್ಮ ಇರುತ್ತಾರೆ. ಹಾಗಾಗಿ ಇವರು ಯಾರು ಅಂತ ಗುರುತು ಹಿಡಿಯುವುದು ಕಷ್ಟ.

ವಯಸ್ಸು 38. ಗಂಡನದು ಗಾರೆ ಕೆಲಸ. ಮಗಳು ಎರಡನೇ ಪಿಯುಸಿ, ಮಗ ಎಂಟನೇ ಕ್ಲಾಸು. ಒಂದು ಹಸು ಇದೆ, ಡೈರಿಗೆ ಹಾಲು ಹಾಕುತ್ತಾರೆ. ಉಳಿದಂತೆ ಅರಿಶಿನದ ಹೊಲದಲ್ಲಿ ಕೂಲಿ. ಗೃಹಲಕ್ಷ್ಮಿಯ 2,000 ಸೇರಿಸಿದರೆ ಮನೆಗೆ ತಿಂಗಳಿಗೆ 16 ಸಾವಿರದ ಹತ್ತಿರ ಬರುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಗಂಡ ಕೆಲಸದ ಜಾಗದಲ್ಲಿ ಮೇಲಿನಿಂದ ಬಿದ್ದರು. ಸೊಂಟಕ್ಕೆ ಪೆಟ್ಟು. ಆಮೇಲೆ ಬರುವುದು ಏಳೆಂಟು ಸಾವಿರಕ್ಕೆ ಇಳಿಯಿತು.

ಅವರು ನಮ್ಮ ಆಪ್ತಸಲಹಾ ಕೇಂದ್ರಕ್ಕೆ ಬಂದಿದ್ದು 2025ರ ಜನವರಿಯಲ್ಲಿ. ಆ ತಿಂಗಳು ಮೈಸೂರು, ಚಾಮರಾಜನಗರ, ರಾಮನಗರದ ಕಡೆಯ ಹಳ್ಳಿಗಳಲ್ಲಿ ಫೈನಾನ್ಸ್‌ನವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿತ್ತು. ಆದರೆ ಮಹದೇವಮ್ಮ ಸಾಲದ ವಿಷಯ ಹೇಳಿಕೊಂಡು ಬಂದವರಲ್ಲ. ತಲೆನೋವು, ಎದೆಬಡಿತ, ಉಸಿರು ಕಟ್ಟಿದ ಹಾಗೆ ಆಗುವುದು ಅಂತ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದರು. ಇಸಿಜಿ ಸರಿ ಇತ್ತು. ಬಿಪಿ, ಥೈರಾಯ್ಡ್ ಸರಿ ಇತ್ತು. ಮಂಗಳವಾರ ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ. ಅವರು ನೋಡಿ, ಒಂದು ಮಾತ್ರೆ ಬರೆದು, ಚೀಟಿಯ ಕೆಳಗೆ ‘ಆತಂಕ, ಆಪ್ತಸಲಹೆ ಬೇಕು’ ಅಂತ ಸೇರಿಸಿ ನಮ್ಮ ಹತ್ತಿರ ಕಳಿಸಿದ್ದರು.

ಚೀಟಿಯಲ್ಲಿ ಇಲ್ಲದ್ದು

ಆತಂಕ ಅನ್ನುವುದು ಸರಿಯೇ. ಅವರಿಗೆ ನಿಜಕ್ಕೂ ಆತಂಕ ಇತ್ತು. ಮಾತಾಡುವಾಗ ಫೋನನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಅದು ಅಲುಗಿದರೆ ಸಾಕು, ಮೈ ನಡುಗುತ್ತಿತ್ತು. ಯಾವಾಗ ಜಾಸ್ತಿ ಅಂತ ಕೇಳಿದೆ.

“ಶುಕ್ರವಾರ ಬಂದ್ರೆ ಎದೆ ಡಬಡಬ ಅಂತದೆ ಮೇಡಂ. ಬೈಕ್ ಸದ್ದು ಕೇಳುದ್ರೆ ಕೈಕಾಲು ತಣ್ಣಗಾಯ್ತದೆ.”

ಗೋಡೆಯ ಕ್ಯಾಲೆಂಡರ್ ತೆಗೆದು ಮುಂದಿಟ್ಟೆ. ಹೋದ ತಿಂಗಳು ಯಾವ್ಯಾವ ರಾತ್ರಿ ನಿದ್ದೆ ಬರಲಿಲ್ಲ, ನೆನಪಿರುವಷ್ಟು ಗುರುತು ಹಾಕಿ ಅಂದೆ. ಹಾಕಿದರು. ಆಮೇಲೆ ಕಂತು ಯಾವ್ಯಾವ ದಿನ ಅಂತ ಕೇಳಿದೆ. ಮೊದಲು ಸುಮ್ಮನಿದ್ದರು. ಆಮೇಲೆ ಅದನ್ನೂ ಹಾಕಿದರು. ಎರಡು ಗುರುತೂ ಹೆಚ್ಚುಕಡಿಮೆ ಒಂದರ ಪಕ್ಕ ಒಂದು ಬಂದು ಕೂತವು. ಕಂತಿನ ಹಿಂದಿನ ರಾತ್ರಿ ನಿದ್ದೆ ಇಲ್ಲ. ಕಂತಿನ ದಿನ ಎದೆಬಡಿತ.

ನಾಲ್ಕು ಕಂಪನಿಯ ಸಂಘದ ಸಾಲ. ಕಂತು ತಿಂಗಳಿಗೆ 2,300, 2,750, 3,100, 2,450. ಒಟ್ಟು 10,600. ಇದರ ಮೇಲೆ ಊರಲ್ಲೇ ಬಡ್ಡಿಗೆ ಕೊಡುವ ಒಬ್ಬರಿಂದ 20,000 ತಗೊಂಡಿದ್ದರು. ಅದಕ್ಕೆ ವಾರಕ್ಕೆ 800. ಎಲ್ಲ ಸೇರಿದರೆ ತಿಂಗಳಿಗೆ 14 ಸಾವಿರ. ಬರುವುದು ಏಳೆಂಟು ಸಾವಿರ.

ಈ ಲೆಕ್ಕ ನೋಡಿದ ಮೇಲೆ ನನ್ನಂಥವರ ಮುಂದೆ ಎರಡು ದಾರಿ ಕಾಣುತ್ತವೆ. ಒಂದು, ಉಸಿರಾಟದ ಅಭ್ಯಾಸ, ನಿದ್ದೆಯ ಶಿಸ್ತು, ಯೋಚನೆ ಬದಲಿಸುವ ಮಾತು. ಅಂದರೆ ಮಹದೇವಮ್ಮನನ್ನು ರಿಪೇರಿ ಮಾಡುವುದು. ಇದು ಕೆಲಸ ಮಾಡಿಬಿಟ್ಟರೆ ಏನಾಗುತ್ತದೆ ಅಂತ ಯೋಚಿಸಿ. ಅವರು ಎದೆ ಹೊಡೆದುಕೊಳ್ಳದೆ, ಸಮಾಧಾನವಾಗಿ, ಮಕ್ಕಳ ಅನ್ನದ ದುಡ್ಡು ತೆಗೆದು 14 ಸಾವಿರ ಕಟ್ಟುತ್ತಾರೆ. ಫೈನಾನ್ಸ್‌ನವರಿಗೆ ಇದಕ್ಕಿಂತ ಒಳ್ಳೆಯ ಆಪ್ತಸಲಹೆ ಬೇಕಾ?

ಎರಡನೆಯ ದಾರಿ, ಇದು ವ್ಯವಸ್ಥೆಯ ಸಮಸ್ಯೆ, ಈಕೆಗೆ ಏನೂ ಆಗಿಲ್ಲ, ಕಾನೂನು ಬದಲಾಗಬೇಕು ಅನ್ನುವುದು. ಮಾತು ನಿಜ. ಆದರೆ ಅದನ್ನು ಹೇಳಿ ನಾನು ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಶುಕ್ರವಾರ ಬೈಕ್ ಬರುವುದು ಅವರ ಮನೆ ಮುಂದೆ.

ಆವತ್ತಿನ ರಾತ್ರಿಗೆ ಕೊಟ್ಟ ಸಲಹೆ

ಸಾಲದ ಮಾತಿಗಿಂತ ಮೊದಲು ಒಂದು ಪ್ರಶ್ನೆ ಕೇಳಲೇಬೇಕಿತ್ತು. ನೇರವಾಗಿ ಕೇಳಿದೆ. “ಸಾಯಬೇಕು ಅಂತ ಅನಿಸಿದೆಯಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ಕೆಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಒಬ್ಬರೇ ಹೊತ್ತಿದ್ದನ್ನು ಇಳಿಸಲು ಜಾಗ ಸಿಗುತ್ತದೆ, ಅಷ್ಟೇ.

ಅನಿಸಿತ್ತು. ಯಾಕೆ ಅನ್ನುವುದಕ್ಕೆ ಅವರು ಹೇಳಿದ್ದು ಕೇಳಿ ನನಗೆ ಕೋಪ ಬಂತು. ವಸೂಲಿಗೆ ಬಂದ ಒಬ್ಬ ಹುಡುಗ, “ಸತ್ರೆ ಇನ್ಶೂರೆನ್ಸ್ ಬರ್ತದೆ, ಸಾಲ ಮುಗೀತದೆ” ಅಂದಿದ್ದನಂತೆ. ಅದನ್ನು ಅವರು ಲೆಕ್ಕದ ಹಾಗೆ ನನ್ನ ಮುಂದೆ ಇಟ್ಟರು. ಇದನ್ನು ‘ತಪ್ಪು ಯೋಚನೆ’ ಅಂತ ಪುಸ್ತಕದಲ್ಲಿ ಬರೆದುಕೊಂಡು ತಿದ್ದಲು ಹೋಗುವುದು ಸರಿಯಲ್ಲ. ಯೋಚನೆ ಅವರದಲ್ಲ. ಯಾರೋ ಮನೆ ಬಾಗಿಲಿಗೆ ತಂದು ಇಟ್ಟು ಹೋದದ್ದು. ಆ ಹುಡುಗನ ಮಾತು ನಂಬಬೇಡಿ, ಅವನು ಕಾನೂನು ಹೇಳುತ್ತಿಲ್ಲ, ಹೆದರಿಸುತ್ತಿದ್ದಾನೆ ಅಂತ ಹೇಳಿದೆ. ವಾದ ಬೆಳೆಸಲಿಲ್ಲ.

ಆಮೇಲೆ ಆ ರಾತ್ರಿಗೆ ಏನು ಬೇಕೋ ಅದನ್ನು ಮಾತ್ರ ಮಾತಾಡಿದೆವು. ಹೊಲದ ಔಷಧಿ, ಉಳಿದ ಮಾತ್ರೆ ಯಾವುದೂ ಮನೆಯಲ್ಲಿ ಇರಬಾರದು. ನಾದಿನಿಯನ್ನು ಕರೆಸಿ ಅದನ್ನೆಲ್ಲ ಅವರ ಮನೆಗೆ ಸಾಗಿಸಿದ್ದಾಯಿತು. ರಾತ್ರಿ ಮಗಳ ಪಕ್ಕ ಮಲಗಬೇಕು. ಆ ಯೋಚನೆ ಬಂದಾಗ ಮೊದಲು ಯಾರಿಗೆ ಹೇಳಬೇಕು ಅನ್ನುವುದನ್ನು ಅವರೇ ಆರಿಸಿದರು, ನಾದಿನಿ. ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಂಬರ್ ಮಗಳ ಫೋನಿಗೆ ಹಾಕಿಸಿದೆ. ಮಾತ್ರೆ ಬಿಡಬೇಡಿ, ಮಂಗಳವಾರ ಮತ್ತೆ ಡಾಕ್ಟರ್‌ಗೆ ತೋರಿಸಿ ಅಂದೆ. ಡಾಕ್ಟರ್‌ಗೂ ಫೋನ್ ಮಾಡಿ ಈ ಯೋಚನೆಯ ವಿಷಯ ತಿಳಿಸಿದೆ, ಮಹದೇವಮ್ಮನ ಒಪ್ಪಿಗೆ ಪಡೆದೇ.

ಆವತ್ತು ವ್ಯವಸ್ಥೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡುವ ದಿನ ಅದಾಗಿರಲಿಲ್ಲ.

ಹಳೆಯ ಜಗಳ

ಮನುಷ್ಯನನ್ನು ಸರಿಮಾಡುವುದಾ, ವ್ಯವಸ್ಥೆಯನ್ನಾ ಅನ್ನುವ ಈ ಎಳೆದಾಟ ನಮ್ಮ ಸಮಾಜಕಾರ್ಯದಷ್ಟೇ ಹಳೆಯದು. 19ನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್, ನ್ಯೂಯಾರ್ಕ್‌ನಂಥ ಊರುಗಳಲ್ಲಿ ದಾನ ಸಂಸ್ಥೆಗಳ ಹೆಂಗಸರು ಬಡವರ ಮನೆಮನೆಗೆ ಹೋಗಿ ಒಬ್ಬೊಬ್ಬರ ನಡತೆ ವಿಚಾರಿಸಿ ಸಹಾಯ ಕೊಡುತ್ತಿದ್ದರು. ಅದೇ ಕಾಲದಲ್ಲಿ, 1889ರಲ್ಲಿ, ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೊದ ಬಡ ಬೀದಿಯಲ್ಲಿ ಹಲ್ ಹೌಸ್ ಅನ್ನುವ ಸೇವಾ ಕೇಂದ್ರ ತೆರೆದು ಅಲ್ಲೇ ವಾಸಕ್ಕೆ ನಿಂತರು. ಆಡಮ್ಸ್ ತಮ್ಮ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಕೆಲಸವನ್ನೇ ವಹಿಸಿಕೊಂಡರು. ಕಾಯಿಲೆ ಬಡವರ ನಡತೆಯಿಂದ ಬರುತ್ತಿಲ್ಲ, ಎತ್ತದೆ ಬಿಟ್ಟ ಕಸದಿಂದ ಬರುತ್ತಿದೆ ಅಂತ. ಒಬ್ಬೊಬ್ಬರ ಪ್ರಕರಣವನ್ನು ಕ್ರಮವಾಗಿ ನೋಡುವುದನ್ನು ಕಲಿಸಿದ ಮೇರಿ ರಿಚ್‌ಮಂಡ್ ಕೂಡ ಮನುಷ್ಯನನ್ನು ಅವನ ಸುತ್ತಲಿನಿಂದ ಬಿಡಿಸಿ ನೋಡಿ ಅಂತ ಹೇಳಿದವರಲ್ಲ. ನಮ್ಮಲ್ಲಿ 1936ರಲ್ಲಿ ಮುಂಬೈನಲ್ಲಿ ಶುರುವಾದ ಟಾಟಾ ಸಮಾಜಕಾರ್ಯ ಶಾಲೆಯೂ ನಾಗಪಾಡಾ ಬಸ್ತಿಯ ಕೆಲಸದ ಹಿನ್ನೆಲೆಯಿಂದ ಬಂದದ್ದು. ಆದರೆ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವಾಗ ವ್ಯಕ್ತಿಗತ ಸಮಾಜಕಾರ್ಯ ಒಂದು ಪೇಪರ್, ವೃಂದಗತ (ಗುಂಪಿನ ಜತೆಗಿನ) ಸಮಾಜಕಾರ್ಯ ಇನ್ನೊಂದು, ಸಮುದಾಯ ಸಂಘಟನೆ ಮತ್ತೊಂದು. ಪರೀಕ್ಷೆಯೂ ಬೇರೆ ಬೇರೆ ದಿನ. ಕೆಲಸಕ್ಕೆ ಸೇರಿದ ಮೇಲೂ ಹಾಗೇ ಮುಂದುವರಿಯುತ್ತದೆ. ಆಪ್ತಸಲಹೆಗಾರರು ಅರ್ಜಿ ಬರೆಯುವುದಿಲ್ಲ, ಸಂಘಟನೆಯವರು ನಿದ್ದೆ ಬಂತಾ ಅಂತ ಕೇಳುವುದಿಲ್ಲ.

ಮಹದೇವಮ್ಮನ ವಿಷಯದಲ್ಲಿ ಮೂರು ಪೇಪರೂ ಒಂದೇ ಮನೆಯಲ್ಲಿ ಇದ್ದವು.

ಗಂಡನಿಗೆ ಹೇಳಿದ್ದು, ಕಾಗದ ತೆಗೆದದ್ದು

ನಾಲ್ಕರಲ್ಲಿ ಎರಡು ಸಾಲ ಗಂಡನಿಗೆ ಗೊತ್ತೇ ಇರಲಿಲ್ಲ. ಹೇಳಿದರೆ ಹೊಡೆಯುತ್ತಾರಾ ಅಂತ ಕೇಳಿದೆ. ಇಲ್ಲ, ಆ ಮನುಷ್ಯ ಹೊಡೆಯುವವರಲ್ಲ. ಹೊಡೆಯುವ ಮನೆಯಾಗಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. “ಮಲಗಿರೋರಿಗೆ ಹೆಂಗೆ ಹೇಳದು ಮೇಡಂ” ಅನ್ನುವುದಷ್ಟೇ ಇವರ ಕಷ್ಟ. ಕೇಂದ್ರದಲ್ಲೇ, ನನ್ನ ಎದುರಿಗೆ ಹೇಳಿ ಅಂದೆ. ನಾದಿನಿಯ ಗಂಡನ ಆಟೋದಲ್ಲಿ ಅವರನ್ನು ಕರೆತಂದರು.

ಗಂಡ ಕೇಳಿಸಿಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಇಷ್ಟು ದಿನ ನೀನೊಬ್ಳೇ ಕಟ್ಟಿದ್ದಾ?” ಅಂದರು. ಬೈಯುತ್ತಾರೆ ಅಂತ ಕಾದಿದ್ದ ಮಹದೇವಮ್ಮ ಅತ್ತುಬಿಟ್ಟರು. ನನ್ನ ಅನುಭವದಲ್ಲಿ ಎಷ್ಟೋ ಮನೆಗಳಲ್ಲಿ ಸಾಲಕ್ಕಿಂತ ಸಾಲ ಮುಚ್ಚಿಡುವುದೇ ಜಾಸ್ತಿ ಭಾರ. ಇದು ಪೂರ್ತಿ ಅವರಿಬ್ಬರ ನಡುವಿನ ಕೆಲಸ. ಯಾವ ಕಾನೂನೂ ಇದನ್ನು ಮಾಡಿಕೊಡುವುದಿಲ್ಲ.

ಮುಂದಿನ ಸಲ ಸಾಲದ ಕಾರ್ಡು, ಪಾಸ್‌ಬುಕ್ಕು, ಮೆಸೇಜು ಎಲ್ಲ ತಂದರು. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ತಂದ ನಿಯಮ ಹೀಗಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವ ಸಾಲ ಮೈಕ್ರೊಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. 16 ಸಾವಿರದ ಅರ್ಧ 8 ಸಾವಿರ. ಹಾಗಾದರೆ 10,600 ಹೇಗೆ ಬಂತು?

ಅರ್ಜಿಯ ಪ್ರತಿಯಲ್ಲಿ ಉತ್ತರ ಇತ್ತು. ಮನೆಯ ತಿಂಗಳ ಆದಾಯ 24,000 ಅಂತ ಬರೆದಿತ್ತು. ಅದರ ಅರ್ಧ 12 ಸಾವಿರ. ಕಾಗದದಲ್ಲಿ ಎಲ್ಲ ಸರಿ. ಬರೆದವರು ಯಾರು ಅಂದರೆ, “ಅವ್ರೇ ತುಂಬ್ಕೊಂಡ್ರು, ನಾನು ಸೈನು ಹಾಕ್ದೆ.” ಬಡ್ಡಿಯವನ ವಾರದ 800 ಯಾವ ಲೆಕ್ಕಕ್ಕೂ ಬಂದೇ ಇರಲಿಲ್ಲ, ಯಾಕೆಂದರೆ ಅದು ಯಾವ ದಾಖಲೆಯಲ್ಲೂ ಇಲ್ಲ.

ನಾನು ಆಗ ಹೇಳಿದ್ದು ಇಷ್ಟು. ಹಳೆ ಸಾಲ ತೀರಿಸಲು ಹೊಸ ಸಾಲ ಬೇಡ, ಯಾರು ಕರೆದು ಕೊಟ್ಟರೂ ಬೇಡ. ಮೊದಲು ಅಕ್ಕಿ, ಹಸುವಿನ ಮೇವು, ಮಗಳ ಪರೀಕ್ಷೆ ಫೀಸು ತೆಗೆದಿಡಿ. ಉಳಿದದ್ದರಲ್ಲಿ ನಾಲ್ಕು ಕಂಪನಿಗೂ ಪಾಲು ಹಾಕಿ ಕೊಡಿ, ರಸೀದಿ ತಗೊಳ್ಳಿ. ಪೂರ್ತಿ ಕಂತಾದರೆ ಮಾತ್ರ ತಗೊಳ್ಳುತ್ತೇವೆ ಅಂದರೆ, ಯಾವ ದಿನ ಯಾರು ಹಾಗಂದರು ಅಂತ ಮಗಳ ಕೈಲಿ ಬರೆಸಿಡಿ. ಒಂದು ಮಾತು ಮುಚ್ಚಿಡಲಿಲ್ಲ. ಹೀಗೆ ತಡವಾದರೆ ಅದು ದಾಖಲಾಗುತ್ತದೆ, ಮುಂದೆ ಕೆಲವು ವರ್ಷ ಹೊಸ ಸಾಲ ಸಿಗುವುದು ಕಷ್ಟ. ಅದು ಅವರಿಗೆ ಒಳ್ಳೆಯ ಸುದ್ದಿಯ ಹಾಗೇ ಕೇಳಿಸಿತು ಅಂತ ಕಾಣುತ್ತದೆ, ಗಂಡ ನಕ್ಕರು.

ಗಂಡನ ಕಾರ್ಮಿಕ ಕಾರ್ಡು ನವೀಕರಿಸದೆ ಬಿದ್ದಿತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇದ್ದವರಿಗೆ ಅಪಘಾತಕ್ಕೆ ನೆರವು ಇದೆ, ಮಕ್ಕಳ ಓದಿಗೂ ಇದೆ. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಬೀಳುವ ಮುಂಚೆ ಅಷ್ಟು ದಿನ ದುಡಿದಿದ್ದರು. ಕಂಟ್ರಾಕ್ಟರ್ ಹತ್ತಿರ ಸಹಿ ಹಾಕಿಸಲು ಮೇಸ್ತ್ರಿಯನ್ನು ಹಿಡಿಯಬೇಕಾಯಿತು. ಅದೊಂದು ಬೇರೆ ಕಥೆ, ಇಲ್ಲಿ ಬೇಡ.

ಅತ್ತಿಗೆಯ ಸಾಲ

ಎಲ್ಲ ತಪ್ಪನ್ನೂ ಕಂಪನಿಯ ಮೇಲೆ ಹಾಕಿ ಕೂರಲು ನನಗೆ ಇಷ್ಟವಿತ್ತು. ಆದರೆ ಕಾರ್ಡುಗಳನ್ನು ಒಂದೊಂದಾಗಿ ನೋಡುವಾಗ 2,750ರ ಸಾಲಕ್ಕೆ ಬಂದಾಗ ಮಹದೇವಮ್ಮ ತಡವರಿಸಿದರು. ಆ ದುಡ್ಡು ಯಾತಕ್ಕೆ ಖರ್ಚಾಯಿತು ಅಂದರೆ ಹೇಳಲು ಬರಲಿಲ್ಲ. ಕೊನೆಗೆ ಗೊತ್ತಾಯಿತು, ಅದು ಅವರ ಸಾಲವೇ ಅಲ್ಲ. ಅಣ್ಣನ ಹೆಂಡತಿಗೆ ಇನ್ನು ಸಾಲ ಸಿಗುತ್ತಿರಲಿಲ್ಲ. ಇವರ ಹೆಸರಲ್ಲಿ ತೆಗೆದು ಅವರಿಗೆ ಕೊಟ್ಟಿದ್ದರು. ಮೊದಲು ಅತ್ತಿಗೆ ಕಂತು ಕಳಿಸುತ್ತಿದ್ದರು, ಆಮೇಲೆ ನಿಲ್ಲಿಸಿದರು. ಈ ರೀತಿ ಹೆಸರು ಕೊಡುವುದು ನಮ್ಮ ಕಡೆ ತೀರಾ ಸಾಮಾನ್ಯ.

“ಕೇಳಿದ್ರೆ ತವರು ತಪ್ಪೋಯ್ತದೆ” ಅಂದರು.

ಇಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಏನು ಮಾಡೀತು? ಬೇಡ ಅನ್ನಲು ಆಗದಿರುವುದು, ತವರಿನ ಎದುರು ಕೈ ಒಡ್ಡಿ ನಿಲ್ಲುವ ಭಯ, ಇದು ಮಹದೇವಮ್ಮನ ಒಳಗಿನದು. ಇದರ ಮೇಲೆ ಬಹಳ ಹೊತ್ತು ಕೂತು ಮಾತಾಡಿದೆವು. ಚಿಕ್ಕಂದಿನಿಂದ ಮನೆಯಲ್ಲಿ ಅವರಿಗೆ ಇದ್ದ ಹೆಸರು ‘ಒಳ್ಳೆ ಹುಡುಗಿ’. ಆ ಹೆಸರಿಗೆ ಈಗ ತಿಂಗಳಿಗೆ 2,750 ಬೆಲೆ ಬಿದ್ದಿದೆ ಅಂತ ಅವರೇ ಹೇಳಿದರು, ನಾನಲ್ಲ.

ಅಣ್ಣನಿಗೆ ಹೇಳುವ ಮಾತನ್ನು ಅಭ್ಯಾಸ ಮಾಡಿದೆವು. ನಾನು ಅಣ್ಣ ಆದೆ, ಜೋರು ಮಾಡಿದೆ, ಮುನಿಸಿಕೊಂಡೆ. ಅವರು ಮೊದಮೊದಲು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ಕೊನೆಗೆ ಉಳಿದ ಮಾತು ಇಷ್ಟು: “ಅಣ್ಣ, ಆ ಸಾಲ ಅತ್ತಿಗೇದು. ನಿಮ್ಮ ಬಾವ ಮಲಗವ್ರೆ. ಈ ತಿಂಗ್ಳಿಂದ ಕಂತು ನೀವೇ ಕಟ್ಟಿ.” ಬೈಗುಳ ಇಲ್ಲ, ಅಳು ಇಲ್ಲ, ಕ್ಷಮೆ ಕೇಳುವುದಿಲ್ಲ. ಗಂಡನನ್ನು ಜತೆಗೆ ಕರೆದುಕೊಂಡು ಹೋಗಿ, ಒಬ್ಬರೇ ಹೋಗಬೇಡಿ ಅಂದೆ.

ಬರೀ ವ್ಯವಸ್ಥೆಯನ್ನೇ ನೋಡುವವರಿಗೆ ಈ ಸಾಲ ಕಾಣುವುದಿಲ್ಲ ಅಂತ ನನ್ನ ದೂರು. ಅವರ ಕಣ್ಣಿಗೆ ನಾಲ್ಕೂ ಸಾಲ ಒಂದೇ ಥರ.

ಜಗಲಿ

ಇನ್ನು ಬೀದಿಯ ವಿಷಯ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ.

ಗುಂಪು ಸಾಲಕ್ಕೆ ಒಡವೆ ಇಡಬೇಕಿಲ್ಲ, ಜಮೀನಿನ ಪತ್ರ ಇಡಬೇಕಿಲ್ಲ. ಅದರ ಬದಲು ಅಕ್ಕಪಕ್ಕದವರು ಒಬ್ಬರಿಗೊಬ್ಬರು ಜಾಮೀನು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಐದೈದು ಜನರ ಗುಂಪಿನಿಂದ ಶುರು ಮಾಡಿದ್ದು ಇದನ್ನೇ. ಅದಕ್ಕೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಆಸ್ತಿ ಇಲ್ಲದ ಹೆಂಗಸರಿಗೆ ಸಾಲ ಸಿಕ್ಕಿದ್ದು ಸಣ್ಣ ವಿಷಯ ಅಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಒಬ್ಬಳು ಕಟ್ಟದಿದ್ದಾಗ ಏನಾಗುತ್ತದೆ? ಗುಂಪಿನವರೆಲ್ಲ ಸೇರಿ ಕಂತು ಕಟ್ಟುವ ಸೆಂಟರ್ ಮೀಟಿಂಗಿನಲ್ಲಿ ದುಡ್ಡು ಪೂರ್ತಿ ಆಗುವ ತನಕ ಯಾರೂ ಏಳುವಂತಿಲ್ಲ. ಒಲೆ ಮೇಲೆ ಅನ್ನ ಇಟ್ಟು ಬಂದವರು, ಮಗುವಿಗೆ ಜ್ವರ ಇರುವವರು, ಕೂಲಿಗೆ ಹೊತ್ತಾದವರು ಎಲ್ಲ ಕೂತಿರಬೇಕು. ಹೊತ್ತು ಹೋದ ಹಾಗೆ ಕೋಪ ಹತ್ತುತ್ತದೆ. ಆ ಕೋಪ ಕಂಪನಿಯ ಮೇಲೆ ಹೋಗುವುದಿಲ್ಲ, ಬಾರದವಳ ಮನೆಗೆ ಹೋಗುತ್ತದೆ.

ಮಹದೇವಮ್ಮನ ಜಗಲಿಯ ಮೇಲೆ ರಾತ್ರಿ ಒಂಬತ್ತರ ತನಕ ಕೂತವರು ವಸೂಲಿ ಹುಡುಗರಲ್ಲ. ಅವರದೇ ಬೀದಿಯ ಹೆಂಗಸರು. ಒಬ್ಬರು ಇವರ ಮಗನಿಗೆ ಹಾಲು ಕುಡಿಸಿ ಬೆಳೆಸಿದವರು. ವ್ಯವಸ್ಥೆ ಅಂದರೆ ದೆಹಲಿಯಲ್ಲೋ ವಿಧಾನಸೌಧದಲ್ಲೋ ಇರುತ್ತದೆ ಅಂತ ನಾವು ಮಾತಾಡುತ್ತೇವಲ್ಲ, ಇಲ್ಲಿ ಅದು ಚಪ್ಪಲಿ ಬಿಟ್ಟು ಜಗಲಿ ಮೇಲೆ ಕೂತಿತ್ತು. ಮತ್ತು ಅದಕ್ಕೂ ಮನೆಯಲ್ಲಿ ಅನ್ನ ಮಾಡಬೇಕಿತ್ತು.

ಮಹದೇವಮ್ಮನ ಒಪ್ಪಿಗೆ ತಗೊಂಡು ಸೆಂಟರ್ ಲೀಡರ್ ಮನೆಗೆ ಹೋದೆ. ಗಟ್ಟಿ ಹೆಂಗಸು. ಮೊದಲ ಮಾತೇ, “ನೀವು ಅವಳ ಕಡೆಯೋರಾ?” ಇಬ್ಬರ ಕಡೆಯವಳೂ ಹೌದು ಅಂದೆ. ಆಕೆ ತಮ್ಮ ಕೈಯಿಂದ ಒಂದು ಕಂತು, 2,300, ಕಟ್ಟಿದ್ದರು. ಅದು ವಾಪಸ್ ಬಂದಿರಲಿಲ್ಲ. ಮಹದೇವಮ್ಮ ಬಾಕಿ ಇದ್ದದ್ದರಿಂದ ಆಕೆಯ ಮುಂದಿನ ಸಾಲವೂ ನಿಂತಿತ್ತು, ಮಗನ ಆಟೋ ರಿಪೇರಿಗೆ ಬೇಕಾದದ್ದು. ಕೇಳುತ್ತಾ ಹೋದರೆ ಆಕೆಗೂ ನಿದ್ದೆ ಇಲ್ಲ. ಗುಂಪಿನಲ್ಲಿ ಇನ್ನಿಬ್ಬರಿಗೂ ಇದೇ ಎದೆಬಡಿತ. ಒಬ್ಬರು ಮಾತ್ರ ಆಸ್ಪತ್ರೆಗೆ ಹೋಗಿ ಚೀಟಿ ಬರೆಸಿಕೊಂಡು ಬಂದಿದ್ದರು, ಅಷ್ಟೇ ವ್ಯತ್ಯಾಸ.

ಹಾಗಾಗಿ ಮುಂದಿನ ಸಲಹೆ ಒಬ್ಬರಿಗಲ್ಲ, ಬೀದಿಗೆ ಕೊಟ್ಟದ್ದು. ಎಲ್ಲರನ್ನೂ ಅಂಗನವಾಡಿ ಹತ್ತಿರ ಸೇರಿಸಿ ನಿಯಮ ಓದಿ ಹೇಳಿದೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಹೆಸರು ಊರಿಗೆಲ್ಲ ಸಾರುವಂತಿಲ್ಲ, ನೆಂಟರಿಷ್ಟರನ್ನು ಕಾಡುವಂತಿಲ್ಲ. ಕಂತು ತಗೊಳ್ಳಲು ಇಬ್ಬರೂ ಒಪ್ಪಿದ ಒಂದು ಜಾಗ ಇರಬೇಕು. ಅಲ್ಲಿಗೆ ಎರಡು ಅಥವಾ ಜಾಸ್ತಿ ಸಲ ಸತತವಾಗಿ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಸಾಲದ ಕಾರ್ಡಿನಲ್ಲಿ ದೂರು ಕೊಡುವ ನಂಬರ್ ಇರಬೇಕು. ಎಲ್ಲರೂ ಕಾರ್ಡು ತಿರುಗಿಸಿ ನೋಡಿದರು. ಇತ್ತು. ಯಾರೂ ಅದುವರೆಗೆ ಓದಿರಲಿಲ್ಲ.

ಗುಂಪಿನವರು ಒಂದು ಮಾತಿಗೆ ಬಂದರು. ಇನ್ನು ಮೇಲೆ ಯಾರ ಜಗಲಿ ಮೇಲೂ ಕೂರುವುದಿಲ್ಲ. ಮೀಟಿಂಗು ಅರ್ಧ ಗಂಟೆ, ಆಮೇಲೆ ಎದ್ದು ಹೋಗುವುದು. ಯಾರಿಗೆ ಕಟ್ಟಲು ಆಗುವುದಿಲ್ಲವೋ ಅವರು ಬಂದು ಎಲ್ಲರ ಎದುರು ಹೇಳುವುದು, ಓಡಿಹೋಗಿ ಹೊಲದಲ್ಲಿ ಅಡಗುವುದಲ್ಲ. ಮಹದೇವಮ್ಮನಿಗೆ ನಾನು ಇನ್ನೊಂದು ಹೇಳಿದೆ. ಲೀಡರ್ ಕಟ್ಟಿದ 2,300 ಮೊದಲು ತೀರಿಸಿ, ಕಂಪನಿಗಿಂತ ಮುಂಚೆ. ಕಂಪನಿ ಕಾಯಬಲ್ಲದು. ಪಕ್ಕದ ಮನೆಯವರು ಕಾಯಲಾರರು, ಮತ್ತು ನಾಳೆ ಹಸು ಕರು ಹಾಕುವಾಗ ಬರುವವರು ಅವರೇ.

ಅರ್ಜಿಗಳು

ಇದರ ಜತೆಗೆ ಕಾಗದದ ಕೆಲಸ. ನಾಲ್ಕು ಕಂಪನಿಗೂ ಒಂದೊಂದು ಅರ್ಜಿ: ಗಂಡನ ಅಪಘಾತ, ಈಗಿನ ಆದಾಯ, ಅರ್ಜಿಯಲ್ಲಿ ತಪ್ಪಾಗಿ ಬರೆದ 24,000, ಕಂತು ಇಳಿಸಿ ಅವಧಿ ಜಾಸ್ತಿ ಮಾಡಿ ಅನ್ನುವ ಕೋರಿಕೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿಗೆ, ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ, ಸಹಾಯಕ್ಕೆ 14448. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಒಬ್ಬ ವಕೀಲರು ಸಿಕ್ಕರು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಪುಕ್ಕಟೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಬಡ್ಡಿಯವನ ವಿಷಯಕ್ಕೆ ಕಾಲ ಕೂಡಿಬಂತು. 2025ರ ಫೆಬ್ರುವರಿ 12ರಂದು ಕಿರು ಸಾಲದ ಸುಗ್ರೀವಾಜ್ಞೆಗೆ ರಾಜ್ಯಪಾಲರ ಸಹಿ ಬಿತ್ತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇವನ ಹತ್ತಿರ ಲೈಸೆನ್ಸ್ ಇರಲಿಲ್ಲ. ಮಹದೇವಮ್ಮನ ಸಹಿ ಇದ್ದ ಖಾಲಿ ಚೆಕ್ ಮಾತ್ರ ಇತ್ತು. ವಕೀಲರ ಜತೆ ಹೋಗಿ ದೂರು ಕೊಟ್ಟರು. ಕೇಸು ಬೆಳೆಯುವ ಮುಂಚೆಯೇ ಚೆಕ್ ವಾಪಸ್ ಬಂತು. ವಾರಕ್ಕೆ 800ರ ಹಾಗೆ ಅಸಲಿಗಿಂತ ಜಾಸ್ತಿ ಆಗಲೇ ಕಟ್ಟಿಯಾಗಿತ್ತು.

ಆದರೆ ಕಾನೂನು ಬಂತು ಅಂತ ಹಿಗ್ಗುವವರಿಗೆ ನಾನು 2010ರ ಆಂಧ್ರವನ್ನು ನೆನಪಿಸುತ್ತೇನೆ. ಆತ್ಮಹತ್ಯೆಗಳ ನಂತರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿ ನಿಂತುಹೋಯಿತು. ಕಾಟ ತಪ್ಪಿತು, ಸರಿ. ಜತೆಗೆ ಹೊಸ ಸಾಲವೂ ನಿಂತಿತು. ಆಸ್ಪತ್ರೆ ಖರ್ಚು, ಕಾಲೇಜು ಫೀಸು ಮಾತ್ರ ನಿಲ್ಲಲಿಲ್ಲ. ನಮ್ಮ ಕೋಲಾರದಲ್ಲಿ 2009ರಲ್ಲೇ ಇಂಥದೊಂದು ಬಿಕ್ಕಟ್ಟು ಬಂದು ಹೋಗಿದೆ. ಹಾಗಾಗಿ ಬೀದಿಯ ಹೆಂಗಸರಿಗೆ ಕೊಟ್ಟ ಕೊನೆಯ ಸಲಹೆ, ಹಳೆಯ ಸ್ತ್ರೀಶಕ್ತಿ ಸಂಘದ ಪುಸ್ತಕ ಮತ್ತೆ ತೆರೆಯಿರಿ ಅಂತ. ಅದು ನಿಮ್ಮದೇ ಉಳಿತಾಯ, ಸಾಲವೂ ನಿಮ್ಮ ಕೈಯಲ್ಲೇ. ಪಂಚಾಯ್ತಿಯ ಮಹಿಳಾ ಸಂಘಗಳು ಸೇರಿದ ಸಂಜೀವಿನಿ ಒಕ್ಕೂಟದವರನ್ನು ಕರೆಸಿ ಮಾತಾಡಿಸಿದೆ. ಅಲ್ಲೂ ರಾಜಕೀಯ ಇಲ್ಲ ಅಂತಲ್ಲ, ಇದೆ.

ಈಗ

ಎರಡು ಕಂಪನಿಗಳು ಕಂತು ಇಳಿಸಿದವು, 2,300 ಇದ್ದದ್ದು 1,500, 3,100 ಇದ್ದದ್ದು 1,900. ಅವಧಿ ಉದ್ದವಾಯಿತು, ಒಟ್ಟು ಬಡ್ಡಿಯೂ ಜಾಸ್ತಿ ಆಗುತ್ತದೆ. ಅದನ್ನು ಲೆಕ್ಕ ಹಾಕಿ ತೋರಿಸಿಯೇ ಸಹಿ ಹಾಕಿಸಿದ್ದು. ಮೂರನೆಯವರು ಕಂತು ಇಳಿಸಲಿಲ್ಲ, ಆದರೆ ಸಂಜೆ ಬರುವುದನ್ನು ಬಿಟ್ಟರು. ನಾಲ್ಕನೆಯವರಿಂದ ಉತ್ತರವೇ ಇಲ್ಲ. ಅವರ ಮೇಲೆ ಓಂಬುಡ್ಸ್‌ಮನ್‌ಗೆ ದೂರು ಹೋಗಿದೆ.

ಗಂಡ ಒಂದು ಟೈಲ್ಸ್ ಗೋಡೌನಿನಲ್ಲಿ ಕಾವಲಿಗೆ ಸೇರಿದ್ದಾರೆ, ತಿಂಗಳಿಗೆ 6,000. ಕೂತು ಮಾಡುವ ಕೆಲಸ. ಡಾಕ್ಟರ್ ಮಾತ್ರೆಯನ್ನು ಕಡಿಮೆ ಮಾಡಿದ್ದಾರೆ, ಪೂರ್ತಿ ನಿಲ್ಲಿಸಿಲ್ಲ. ಸಾಯುವ ಯೋಚನೆ ಬಹಳ ದಿನದಿಂದ ಬಂದಿಲ್ಲ ಅಂತ ಮಹದೇವಮ್ಮ ಹೇಳುತ್ತಾರೆ. ನಾನು ಪ್ರತಿ ಸಲವೂ ಕೇಳುತ್ತೇನೆ. ಬೈಕ್ ಸದ್ದಿಗೆ ಈಗಲೂ ಎದೆ ಹೊಡೆದುಕೊಳ್ಳುತ್ತದಂತೆ. ಉಸಿರಾಟದ ಅಭ್ಯಾಸ ಕಲಿಸಿದ್ದು ಈಗ, ಕಂತು ಇಳಿದ ಮೇಲೆ. ಅದು ಈಗ ಕೆಲಸ ಮಾಡುತ್ತಿದೆ, ಯಾಕೆಂದರೆ ಬಾಗಿಲಲ್ಲಿ ಯಾರೂ ಕೂತಿಲ್ಲ.

ಜಗಲಿಯ ಒಪ್ಪಂದವನ್ನು ಗುಂಪು ಒಂದು ಸಲ ಮುರಿಯಿತು, ಬೇರೆ ಒಬ್ಬರ ಮನೆ ಮುಂದೆ. ಲೀಡರ್ ಹೋಗಿ ಎಬ್ಬಿಸಿಕೊಂಡು ಬಂದರು.

ಅಣ್ಣನ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ ಹೇಳಿ ಬಂದರು. ಅತ್ತಿಗೆ ಮಾತು ಬಿಟ್ಟಿದ್ದಾರೆ. ಅಣ್ಣ ಎರಡು ಕಂತು ಕಳಿಸಿದರು, ಮೂರನೆಯದು ಬಂದಿಲ್ಲ. ಸುಮ್ನೆ ನಾವೇ ಕಟ್ಟಿಬಿಡೋಣವಾ ಅಂತ ಮಹದೇವಮ್ಮ ಕೇಳಿದರು. ಕಟ್ಟುವುದು ಬಿಡುವುದು ನಿಮ್ಮಿಬ್ಬರಿಗೆ ಬಿಟ್ಟದ್ದು, ಆದರೆ ಕಟ್ಟುವ ಮುಂಚೆ ಅಣ್ಣನಿಗೆ ಇನ್ನೊಂದು ಸಲ ಫೋನ್ ಮಾಡಿ ಅಂತ ಹೇಳಿ ಕಳಿಸಿದ್ದೇನೆ.